ಒಂದೇ ಕಾಯಿಯ ಬೀಜ, ಎಂಟು ಥರದ ಗಿಡ

ಬೆಳಗಿನಿಂದ ಸೊಸೆಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ದಪ್ಪ ಮೆಣಸಿನಕಾಯಿಯ ಸಸಿಗೆ ಯಾವ ತಳಿ ಬೇಕು ಅಂತ ನರ್ಸರಿಯಾಕೆಗೆ ಇವತ್ತೇ ಹೇಳಬೇಕು. ತಪ್ಪಿದರೆ ಈ ಹಂಗಾಮು ಕೈಬಿಟ್ಟುಹೋದ ಹಾಗೆ. ತರಕಾರಿ ಮಂಡಿಯವನು ಬೇರೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಹೋದ ಸಲದ ಹಾಗೆ ಒಂದು ಗುಂಡು, ಒಂದು ಸೊಟ್ಟ ತಂದ್ರೆ ನಿಮ್ಮ ಕ್ರೇಟು ಮುಟ್ಟೋದೂ ಇಲ್ಲ. ಇದೇ ಕೊನೇ ಸಲ."

ಇಷ್ಟಾದರೂ ಅತ್ತೆ ಮೆಟ್ಟಿಲ ಮೇಲೆ ಕೂತು ಆರಾಮಾಗಿ ಬೀಜದ ಡಬ್ಬಿ ತೆಗೆದಿದ್ದರು. ಬೀದಿಯವರೆಲ್ಲ ಅವರನ್ನು ಬೀಜದಜ್ಜಿ ಅಂತಲೇ ಕರೆಯುವುದು. ತೋಟದಲ್ಲಿ ಚೆಂದದ ಕಾಯಿ ಕಂಡರೆ ಸಾಕು, ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿಬಿಡುತ್ತಿದ್ದರು. ದಾರ ಕಟ್ಟಿದ ಕಾಯಿ ಬೀಜಕ್ಕೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

"ನರ್ಸರಿಯವಳ ಹತ್ರ ಏನೂ ಕೊಳ್ಳೋದು ಬೇಡ. ಬೀಜ ನಮ್ಮ ಮನೇಲೇ ಇದೆ" ಅಂದರು ಅತ್ತೆ.

"ಅತ್ತೆ, ಹೋದ ಸಲ ಬಿತ್ತಿದ್ದೂ ಇದೇ ಬೀಜ ಅಲ್ವಾ? ಏನಾಯ್ತು ನೋಡಿದ್ರಲ್ಲ!"

"ಬೀಜ ಏನು ಮಾಡುತ್ತೆ? ನೀನು ನೀರು ಬಿಟ್ಟಿದ್ದು ಸರಿಯಾಗಿಲ್ಲ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಒಂದು ಸಾಲು ಬಿಡದೆ ನೀರು ಹಾಯಿಸಿದ್ದವಳು ಅವಳು. ಸೊಟ್ಟ ಕಾಯಿಗಳನ್ನು ಆರಿಸಿ ಆರಿಸಿ ಬೆನ್ನು ಮುರಿದುಕೊಂಡವಳೂ ಅವಳೇ. ಗಂಡನ ಕಡೆ ತಿರುಗಿ, "ರೀ, ನೀವಾದ್ರೂ ಹೇಳ್ರೀ!" ಅಂದಳು.

ಪುಣ್ಯಾತ್ಮ ಮೊಬೈಲಿನಿಂದ ತಲೆ ಎತ್ತಿದ. "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ ಸರಿ. ಆದ್ರೆ ಈ ಹೈಬ್ರಿಡ್ ನೋಡು, ಎಷ್ಟು ಕೆಂಪಗಿದೆ! ಒಂದೊಂದು ಕಾಯಿ ತೆಂಗಿನಕಾಯಿ ಗಾತ್ರ! ಇದನ್ನೇ ಹಾಕೋಣ."

"ಫೋಟೋ ನೋಡಿ ಬೆಳೆ ಇಡ್ತಾರೇನ್ರೀ?" ಅಂತ ಅವಳು ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ನರ್ಸರಿಯಾಕೆ ಬಂದಳು. ಅವಳ ಹಿಂದೆಯೇ ಪಕ್ಕದ ಮನೆಯ ದರ್ಜಿ ಒಂದು ಬುಟ್ಟಿ ಹಿಡಿದು ಬಂದ. "ಅಜ್ಜಿ, ನೀವು ಕೊಟ್ಟ ಬೀಜ ಕುಂಡದಲ್ಲಿ ಹಾಕಿದ್ದೆ. ಎಂಟು ಗಿಡ ಬಂತು, ಎಂಟೂ ಎಂಟು ಥರ. ಅಲ್ಲ, ಅದೆಷ್ಟು ಥರದ ಬೀಜ ಬೆರೆಸಿ ಕೊಟ್ರಿ?" ಅನ್ನುತ್ತಾ ಬುಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟ.

ಒಂದು ಉದ್ದ, ಒಂದು ಗುಂಡು, ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಮೂತಿ ತಿರುಗಿಸಿದ್ದು.

"ಬೆರೆಸೋದಾ? ಒಂದೇ ಕಾಯಿ ಬೀಜ ಕಣಪ್ಪ ಅದು! ನಾನೇ ದಾರ ಕಟ್ಟಿದ್ದೆ!" ಅಂದರು ಅತ್ತೆ. ಅಂದವರು ಬುಟ್ಟಿಯ ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ದರ್ಜಿಯ ಕುಂಡಕ್ಕೆ ಸೊಸೆ ನೀರು ಹಾಕಿರಲಿಲ್ಲ.

ನರ್ಸರಿಯಾಕೆ ಅವರ ಪಕ್ಕದಲ್ಲೇ ಕೂತಳು. "ಅಜ್ಜಿ, ನಿಮ್ಮ ನಾಟಿ ಹುರುಳಿಕಾಯಿ ಬೀಜ ಇಟ್ರೆ ತಾಯಿ ಹಾಗೇ ಬರುತ್ತೆ, ಅದನ್ನ ಇಡಿ. ನೀವು ದಾರ ಕಟ್ಟಿದ ಮೆಣಸಿನಕಾಯಿ ಹೈಬ್ರಿಡ್ ಗಿಡದ್ದು. ಹೈಬ್ರಿಡ್ ಹಾಗಲ್ಲ. ಎರಡು ಬೇರೆ ತಳಿ ಕೂಡಿಸಿ ಮಾಡಿದ ಬೀಜ ಅದು. ಮೊದಲ ಸಲ ಎಲ್ಲಾ ಒಂದೇ ಸಮ ಬರುತ್ತೆ. ಆ ಕಾಯಿ ಬೀಜ ತೆಗೆದು ಮತ್ತೆ ಬಿತ್ತಿದ್ರೆ ಒಂದು ಅಜ್ಜನ್ನ ಹೋಲುತ್ತೆ, ಇನ್ನೊಂದು ಅಜ್ಜೀನ."

"ಹಾಗಾದ್ರೆ ನಾನು ತೋರಿಸಿದ್ದು ಹಾಕೋಣ" ಅಂತ ಗಂಡ ಮೊಬೈಲು ಮುಂದೆ ಚಾಚಿದ.

"ಅದು ಪಾಲಿಹೌಸಿಗೆ, ಪ್ಲಾಸ್ಟಿಕ್ ಹೊದಿಸಿದ ಚಪ್ಪರದೊಳಗೆ ಬೆಳೆಯೋಕೆ ಅಂತ ಮಾಡಿದ ತಳಿ ಅಣ್ಣ. ನಿಮ್ಮದು ಬಯಲು. ಕೊಳ್ಳೋರಿಗೆ ಎಂಥದು ಬೇಕು?"

"ಹಸಿರು, ಒಂದೇ ಸಮ, ಅಂಗೈ ತುಂಬೋಷ್ಟು" ಅಂದಳು ಸೊಸೆ, ಗಂಡ ಬಾಯಿ ತೆರೆಯುವ ಮೊದಲೇ.

"ಹೋದ ಸಲ ರೋಗ ಏನಾದ್ರೂ?"

"ಎಲೆ ಮೇಲೆಲ್ಲ ಬೂದಿ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು ಅಕ್ಕ."

"ಹಾಗಾದ್ರೆ ಬಯಲಿಗೆ ಒಗ್ಗೋ, ಬೂದಿ ರೋಗ ತಡ್ಕೊಳ್ಳೋ ಹಸಿರು ಹೈಬ್ರಿಡ್ ಸಾಕು. ಔಷಧಿ ಬೇಡವೇ ಬೇಡ ಅಂತಲ್ಲ, ಗಿಡ ನೋಡ್ಕೋತಾ ಇರಬೇಕು."

ಆ ಸಸಿಯನ್ನೇ ನೆಟ್ಟರು. ಕೊಯ್ಲು ಬಂತು. ಮಂಡಿಯವನು ಮುಖ ಗಂಟು ಹಾಕಿಕೊಂಡೇ ಮೂರು ಕ್ರೇಟು ಸುರಿಸಿ ನೋಡಿದ. ನಾಲ್ಕನೆಯದನ್ನು ಸುರಿಸದೆ, "ಒಳಗಿಡಿ" ಅಂದ.

ಮನೆಗೆ ಬಂದಾಗ ಅತ್ತೆ ನರ್ಸರಿಯಾಕೆ ಕೊಟ್ಟಿದ್ದ ಬೀಜದ ಪ್ಯಾಕೆಟ್ಟಿನ ಚೀಟಿ, ಸಸಿಯ ರಸೀದಿ ಎರಡನ್ನೂ ಸುರುಳಿ ಸುತ್ತಿ ಕೆಂಪು ದಾರ ಕಟ್ಟುತ್ತಿದ್ದರು.

"ಈ ಬೆಳೇಲಿ ಎತ್ತಿಡಬೇಕಾದ್ದು ಇದೊಂದೇ. ತಳಿ ಹೆಸರು ಮರೆತುಹೋದೀತು" ಅಂದು ಡಬ್ಬಿಗೆ ಹಾಕಿದರು. ಆಮೇಲೆ ಸೊಸೆಯ ಮುಖ ನೋಡದೆ, "ನೀರಿನದೇನೂ ತಪ್ಪಿರಲಿಲ್ಲ ಬಿಡೇ" ಅಂದರು.

ಈ ಮಾತಿಗೆ ಒಂದು ಬೆಳೆ ಮುಗಿಯುವವರೆಗೆ ಕಾಯಬೇಕಾಯಿತಲ್ಲ ಅಂತ ಸೊಸೆಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಬೆಳೆಗಾರ ಅಕ್ಕ, ಅಣ್ಣಂದಿರೇ, ನೀವೂ ಫೋಟೋ ನೋಡಿ ಮರುಳಾಗಬೇಡಿ. ಎಲ್ಲಿ ಬೆಳೆಯುತ್ತೇವೆ, ಕೊಳ್ಳುವವರಿಗೆ ಎಂಥದು ಬೇಕು, ನಮ್ಮ ಹೊಲಕ್ಕೆ ಯಾವ ರೋಗ ಬರುತ್ತದೆ, ಇಷ್ಟು ಕೇಳಿಕೊಂಡು ತಳಿ ಆರಿಸಿ. ಹೊಸ ತಳಿಯಾದರೆ ಮೊದಲು ನಾಲ್ಕು ಸಾಲು ಹಾಕಿ ನೋಡಿ. ಚೀಟಿ, ರಸೀದಿ ಜೋಪಾನ. ಹೈಬ್ರಿಡ್ ಕಾಯಿಯ ಬೀಜ ಮಾತ್ರ ಎತ್ತಿಡಬೇಡಿ. ಎತ್ತಿಟ್ಟು ಬಿತ್ತಿದಿರೋ, ದಯವಿಟ್ಟು ಸೊಸೆಯನ್ನು ಬೈಯಬೇಡಿ!