ತಡೆಗೋಲು

ಟೈಲರಮ್ಮನ ತೋಳಿನಲ್ಲಿ ಬಲವಿರಲಿಲ್ಲ. ಅವಳ ತೂಕ ನಲವತ್ತಮೂರು ಕಿಲೋ. ಬಾರಿಸಬೇಕಾಗಿದ್ದ ಗಂಟೆಯದು ಒಂಬೈನೂರು.

ಚರ್ಚಿನ ಗೋಪುರದಲ್ಲಿ ಆರು ಗಂಟೆಗಳು, ಬಾರಿಸಲು ಆರು ಜನ. ದೊಡ್ಡ ಗಂಟೆಯ ಹಗ್ಗ ಇಪ್ಪತ್ತೆರಡು ವರ್ಷದಿಂದ ಅವಳ ಭಾವನ ಕೈಯಲ್ಲಿತ್ತು. ಗಂಡನ ಅಣ್ಣನಾದ ಆತ ಹಿಟ್ಟಿನ ಗಿರಣಿಯಲ್ಲಿ ಹಮಾಲಿ. ಮೂಟೆ ಹೊರುತ್ತಿದ್ದುದು ಎಡಭುಜದ ಮೇಲೆ. ಈ ವರ್ಷ ಕೈಕೊಟ್ಟದ್ದು ಬಲಭುಜ. ತೋಳು ಕಿವಿಗಿಂತ ಮೇಲೇಳಲಿಲ್ಲ. ಮಿಕ್ಕ ಐವರಿಗೆ ಅವರವರ ಗಂಟೆಯಿತ್ತು. ತಿಂಗಳೊಳಗೆ ದೊಡ್ಡದಕ್ಕೆ ಜನ ಸಿಗದಿದ್ದರೆ ಆರಕ್ಕೂ ಮೋಟಾರು ಕೂರಿಸುತ್ತೇವೆ ಎಂದರು ಚರ್ಚಿನ ಕಾರ್ಯದರ್ಶಿ. ಎಂಟು ವರ್ಷ ಆ ಗೋಪುರದ ಮೆಟ್ಟಿಲು ಗುಡಿಸುತ್ತ, ಒಂದು ಹಗ್ಗ ಸಿಕ್ಕೀತೆಂದು ಕಾದಿದ್ದ ಟೈಲರಮ್ಮ "ನಾನು ಕಲೀತೀನಿ" ಎಂದಳು.

ಆ ಗಂಟೆಗಳು ಸುಮ್ಮನೆ ತೂಗಾಡುವಂಥವಲ್ಲ. ಚಕ್ರಕ್ಕೆ ಕಟ್ಟಿದ ಗಂಟೆಯನ್ನು ಮೊದಲು ತೂಗಿ ತೂಗಿ ಏರಿಸಿ, ಬಾಯಿ ಮೇಲೆ ಮಾಡಿ ನಿಲ್ಲಿಸಬೇಕು. ಆಮೇಲೆ ಹಗ್ಗ ಜಗ್ಗಿದರೆ ಕೆಳಗೆ ಬಿದ್ದು, ಪೂರ್ತಿ ಸುತ್ತಿ, ಮತ್ತೆ ಬಾಯಿ ಮೇಲೆ ಮಾಡುತ್ತದೆ. ಅಲ್ಲಿಂದ ಮುಂದಕ್ಕೆ ಉರುಳದಂತೆ ಒಂದು ಮರದ ತಡೆಗೋಲು. ಜಗ್ಗಿದ್ದು ಹೆಚ್ಚಾದರೆ ತಡೆಗೋಲು ಮುರಿದು ಹಗ್ಗ ಮೇಲಕ್ಕೆ ಹಾರುತ್ತದೆ. ಮುರಿದ ತುಂಡಿನ ಮೇಲೆ ಮುರಿದವರ ಅಡ್ಡಹೆಸರು ಬರೆದು ಗೋಡೆಗೆ ತೂಗುಹಾಕುವುದು ಅವರ ರೂಢಿ. ಹದಿನೆಂಟು ತುಂಡು ತೂಗುತ್ತಿದ್ದವು.

"ಜಗ್ಗು! ಊಟ ಮಾಡಿಲ್ವಾ?" ಎಂದು ಭಾವ ಕೂಗಿದ.

"ಜಗ್ತಾ ಇದೀನಲ್ಲ ಭಾವ."

"ಇದು ಜಗ್ಗೋದಾ? ಸೂಜಿಗೆ ದಾರ ಪೋಣಿಸ್ದಂಗಿದೆ."

ಎರಡನೇ ಗಂಟೆ ಬಾರಿಸುವ ಪೋಸ್ಟ್‌ಮ್ಯಾನ್ ನಕ್ಕ. "ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅವಳ ಜೇಬಿಗೆ ಎರಡು ಇಸ್ತ್ರಿಪೆಟ್ಟಿಗೆ ಹಾಕಿ ನಿಲ್ಸೋ."

ಎರಡು ವಾರ ಕಳೆದರೂ ಗಂಟೆ ಅರ್ಧಕ್ಕೇ ಏರಿ ಇಳಿಯುತ್ತಿತ್ತು. ಮೂರನೇ ವಾರ ಭಾವನೇ ಎಡಗೈ ಜೊತೆಗೂಡಿಸಿ ಗಂಟೆಯನ್ನು ಮೇಲೇರಿಸಿ ಕೊಟ್ಟ. ಅವಳು ಸಿಟ್ಟಿನಿಂದ ಇಡೀ ಮೈ ಹಾಕಿ ಜೋತುಬಿದ್ದಳು. ಮೇಲೆ ಮರ ಸೀಳಿದ ಸದ್ದಾಯಿತು. "ಬಿಡೇ! ಹಗ್ಗ ಬಿಡು!" ಎಂದು ಭಾವ ಅರಚಿದ. ಬಿಟ್ಟಳು, ಆದರೆ ಅಷ್ಟರಲ್ಲಿ ಹಗ್ಗ ಅಂಗೈ ಸುಲಿದಿತ್ತು. ಪೋಸ್ಟ್‌ಮ್ಯಾನ್ ಹತ್ತೊಂಬತ್ತನೇ ತುಂಡಿನ ಮೇಲೆ "ಟೈಲರಮ್ಮ" ಎಂದು ಬರೆದ. "ಬಾ, ನಮ್ಮ ಜಾತಿಗೆ ಸೇರ್ದೆ."

ಮೋಟಾರಿಗೆ ಐದು ದಿನ ಉಳಿದಿತ್ತು. ಕೈಗೆ ಬಟ್ಟೆ ಸುತ್ತಿದ್ದರಿಂದ ಕತ್ತರಿ ಹಿಡಿಯಲಾಗಲಿಲ್ಲ. ಅಂಗಡಿಯಲ್ಲಿ ಕೂತು, ಬೇಜಾರಿಗೆ, ಹೊಲಿಗೆ ಯಂತ್ರವನ್ನು ಖಾಲಿ ತುಳಿದಳು. ಚಕ್ರ ಒಮ್ಮೆ ತಿರುಗಿದ ಮೇಲೆ, ತುಳಿಹಲಗೆ ಮೇಲಿನಿಂದ ಇಳಿಯತೊಡಗುವ ಹೊತ್ತಿಗೆ ಕಾಲ್ಬೆರಳ ತುದಿ ಒತ್ತಿದರೆ ಸಾಕು. ಏರುವಾಗ ಒತ್ತಿದರೆ ಚಕ್ರ ತಡೆದು ನಿಲ್ಲುತ್ತದೆ. ಹದಿನಾಲ್ಕು ವರ್ಷ ತುಳಿದರೂ ಅವಳು ಇದನ್ನು ಗಮನಿಸಿರಲಿಲ್ಲ. ಗೋಪುರದಲ್ಲಿ ತಾನು ಮಾಡುತ್ತಿದ್ದುದು ಗೊತ್ತಾಯಿತು: ಗಂಟೆ ಏರುವಾಗ ಹಗ್ಗವನ್ನು ಬಿಗಿಹಿಡಿದು ತಡೆಯುತ್ತಿದ್ದಳು, ತಡೆದದ್ದನ್ನು ಮತ್ತೆ ತಾನೇ ಜಗ್ಗುತ್ತಿದ್ದಳು. ಭಾವ ಕಲಿಸಿದ್ದೂ ಅದನ್ನೇ.

ಹೊಸ ತಡೆಗೋಲು ಕೂರಿಸಿದ ದಿನ ಅವಳು ಹೇಳಿದಳು, "ಭಾವ, ಇವತ್ತು ನೀವು ಬಾಯಿ ಬಿಡಬೇಡಿ."

ಕೈಗೆ ಸುತ್ತಿದ ಬಟ್ಟೆಯ ಮೇಲೇ ಹಗ್ಗ ಹಿಡಿದು ನೆಟ್ಟಗೆ ನಿಂತಳು. ಗಂಟೆ ಏರುವಾಗ ಹಗ್ಗದ ಜೊತೆ ಕೈಗಳನ್ನು ಪೂರ್ತಿ ಮೇಲಕ್ಕೆ ಹೋಗಗೊಟ್ಟಳು. ಅದು ಬೀಳಲು ಹೊರಟಾಗ ಮಾತ್ರ ಸಣ್ಣಗೆ ಜಗ್ಗಿದಳು. ಆಮೇಲೆ ಹಗ್ಗವನ್ನು ಮೂಗಿನ ನೇರಕ್ಕೆ ಸೊಂಟದವರೆಗೆ ತಂದಳು. ಗಂಟೆ ಬಾರಿಸಿತು. ಇಪ್ಪತ್ತು ನಿಮಿಷವಾದರೂ ಅವಳಿಗೆ ಏದುಸಿರು ಬರಲಿಲ್ಲ.

"ಎಷ್ಟು ಬಲ ಹಾಕ್ದೆ?" ಎಂದ ಭಾವ.

"ಮೇಲಿಂದ ಹೊರಡೋವಾಗ ಒಂಚೂರು."

"ಮಿಕ್ಕಿದ್ದಕ್ಕೆ?"

"ಮಿಕ್ಕಿದ್ದು ಅದೇ ಬೀಳುತ್ತೆ, ಅದೇ ಏಳುತ್ತೆ. ನಾವು ಅಡ್ಡ ಬರಬಾರ್ದು ಅಷ್ಟೇ."

ಭಾವ ಹಗ್ಗ ತೆಗೆದುಕೊಂಡ. ಎಡಗೈಯೊಂದರಲ್ಲೇ, ಅವಳು ಹೇಳಿದಂತೆ ಬಾರಿಸಿದ. ನಾಲ್ಕು ಸುತ್ತೂ ಸರಿಯಾಗಿ ಬಂದವು.

"ಹಂಗಾದ್ರೆ ನೀನೇ ಬಾರಿಸ್ಬಹುದಲ್ಲೋ!" ಎಂದ ಪೋಸ್ಟ್‌ಮ್ಯಾನ್. ಟೈಲರಮ್ಮ ಭಾವನ ಮುಖ ನೋಡಿದಳು.

ಭಾವ ಗಂಟೆಯನ್ನು ಮೇಲೆ ನಿಲ್ಲಿಸಿ ಹಗ್ಗವನ್ನು ಅವಳ ಕೈಗೆ ಕೊಟ್ಟ. "ಮರ ಕಮ್ಮಿ ಮುರಿಯೋರು ಬಾರಿಸ್ಲಿ."

ಭಾನುವಾರ ಅವಳು ನಲವತ್ತು ನಿಮಿಷ ಬಾರಿಸಿದಳು. ಕಾರ್ಯದರ್ಶಿ ಕೊನೆಯವರೆಗೂ ಕೇಳಿ, ಮೋಟಾರಿನ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಎಲ್ಲರೂ ಇಳಿದ ಮೇಲೂ ಭಾವ ಗೋಡೆಯ ಮುಂದೆ ನಿಂತು ಎಡಗೈ ಬೆರಳಿಟ್ಟು ಎಣಿಸುತ್ತಿದ್ದ. ಪೋಸ್ಟ್‌ಮ್ಯಾನನದು ಎರಡು. ಟೈಲರಮ್ಮನದು ಒಂದು. ಉಳಿದವು ತನ್ನವೇ: ಹದಿನಾರು ತಡೆಗೋಲು. ಒಂದು ಭುಜ.