ನೂರರ ರೀಲು

ಸುಳ್ಳು ಹೇಳುವುದಿದ್ದರೆ ಯಾರ ಮುಂದಾದರೂ ಹೇಳಿ, ಫೋಟೋ ಸ್ಟುಡಿಯೋದವನ ಮುಂದೆ ಮಾತ್ರ ಬೇಡ. ಬೀರೇಶನಿಗೆ ಈ ಬುದ್ಧಿ ಬರಲು ಒಂದು ಕಣ್ಣು ತೆರಬೇಕಾಯಿತು.

ಗೂಗಲ್ ಎಂಬ ಊರಿನ ಹೊಳೆದಂಡೆಯಲ್ಲಿ ಮರಳುಗಳ್ಳರು ಅವನ ಅಣ್ಣ ಮಾಳಿಂಗಪ್ಪನ ಮೇಲೆ ಟ್ರ್ಯಾಕ್ಟರ್ ಹತ್ತಿಸಿ ಕೊಂದಿದ್ದರು. ಕುರಿಗಳು ನೀರಿಗಿಳಿಯುವ ದಾರಿ ಅಗೆಯಬೇಡಿ ಅಂದದ್ದೇ ಅವನ ತಪ್ಪು. ದಿನಕರ್ಮಕ್ಕೆ ಬಂದವರೆಲ್ಲ ಅತ್ತು, ಉಂಡು ಹೋದರು. ಸಾವಿನ ಮನೆಯಲ್ಲಿ ಎಲೆಯ ಮುಂದೆ ಕೂತವನನ್ನು ನೀನ್ಯಾರು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪೊಲೀಸರು ಮಾತ್ರ, "ಹತ್ತಿಸಿದವನ ಮಾರಿ ಯಾರರ ನೋಡ್ಯಾರೇನು?" ಎಂದು ಕೇಳಿ ಕೈತೊಳೆದುಕೊಂಡರು.

ಬೀರೇಶನ ರಕ್ತ ಕುದಿಯಿತು. ಮಾರಿ ಬೇಕೇನು, ಮುಖದ ಫೋಟೋವನ್ನೇ ತಂದಿಡುತ್ತೇನೆ ಎಂದು, ಅಣ್ಣ ಪುಣೆಯಲ್ಲಿ ದುಡಿದು ತಂದಿದ್ದ ಆಟೋಮ್ಯಾಟಿಕ್ ಕ್ಯಾಮೆರಾ ಹಿಡಿದು ದೇವದುರ್ಗಕ್ಕೆ ಬಂದು ರಾಯಚೂರಿನ ಬಸ್ಸು ಹತ್ತಿದ.

ಸ್ಟುಡಿಯೋದ ದಸ್ತಗೀರ್ ಸಾಬ್ ಎರಡು ರೀಲು ಮುಂದಿಟ್ಟ.

"ಈ ಡಬ್ಬ್ಯಾಗ ತಿರುವೋದು ಏನೂ ಇಲ್ಲಪಾ, ಎಲ್ಲಾ ತಾನಾ ಮಾಡ್ತದ. ರೀಲ್ ಒಂದು ಸರಿ ಇರಬೇಕು. ಬಿಸಲಿಗೆ ನೂರು ನಂಬರಿನದ್ದು, ಮಬ್ಬಿಗೆ ನಾನೂರರದ್ದು. ಯಾವಾಗ ತೆಗಿತಿ?"

ಮರಳು ತುಂಬುತ್ತಿದ್ದುದು ಹೊತ್ತು ಮುಳುಗುವಾಗ. ಆದರೆ ಅಂಗಡಿಯಲ್ಲಿ ಮಾನ್ವಿ ಕಡೆಯ ಇಬ್ಬರು ಕೂತಿದ್ದರು, ಆ ಟ್ರ್ಯಾಕ್ಟರುಗಳೂ ಮಾನ್ವಿ ಕಡೆಯವೇ. ಬೀರೇಶ ನಿಜವನ್ನು ನುಂಗಿಕೊಂಡ.

"ಕುರಿ ಉಣ್ಣೆ ಕತ್ತರಸೋದು ತೆಗಿಬೇಕ್ರೀ, ಮಟಮಟ ಮಧ್ಯಾಹ್ನದಾಗ."

"ಹಂಗಂದ್ರ ನೂರರದ್ದೇ ಸಾಕು. ನಮ್ಮ ಕಡಿ ಬಿಸಲಿಗೇನು ಬರ ಅದ?"

ಮರುದಿನ ಸಂಜೆ ಜಾಲಿಪೊದೆಯ ಮರೆಯಲ್ಲಿ ಕೂತು ಬೀರೇಶ ಗುಂಡಿ ಒತ್ತಿದ. ನೂರರ ರೀಲಿಗೆ ಆ ಬೆಳಕು ಸಾಲಲಿಲ್ಲ. ಕ್ಯಾಮೆರಾ ತಾನಾಗಿಯೇ ಫ್ಲ್ಯಾಶ್ ಹೊಡೆಯಿತು! ಮರಳು ತುಂಬುತ್ತಿದ್ದವರೆಲ್ಲ ತಿರುಗಿ ನೋಡಿದರು.

ಮುಖಕ್ಕೆ ಟವೆಲ್ ಸುತ್ತಿಕೊಂಡ ನಾಲ್ವರು ಓಡಿ ಬಂದರು. ಮೊದಲ ಸಲಿಕೆಯೇಟಿಗೇ ಹಣೆಯಿಂದ ಕಣ್ಣಿನ ತನಕ ಸೀಳಿಹೋಯಿತು. ಪಕ್ಕೆಲುಬು ಲಟಕ್ಕೆಂದವು. ಬೀರೇಶ ಒಬ್ಬನ ಕಾಲು ಹಿಡಿದು ಕಚ್ಚಿದ. ಬಾಯಿಯ ಮೇಲೆ ಬೂಟು ಬಿತ್ತು, ಹಲ್ಲು ಉದುರಿದವು. ರಕ್ತ ಇಳಿದು ಎರಡೂ ಕಣ್ಣು ಮುಚ್ಚಿಕೊಂಡವು.

"ಅಣ್ಣನ ಹಾದಿ ಹಿಡಿಯಾಕತ್ತಿಯೇನಲೇ?" ಎಂದು ಮೇಲಿನಿಂದ ಯಾರೋ ಅರಚಿದರು.

ದನಿ ಬಂದ ಕಡೆಗೆ ಬೀರೇಶ ಕುರುಡಾಗಿಯೇ ಕ್ಯಾಮೆರಾ ಎತ್ತಿ ಒತ್ತಿದ. ಮತ್ತೆ ಸಲಿಕೆ ಬಿತ್ತು. ಅವನು ಕ್ಯಾಮೆರಾವನ್ನು ಹೊಟ್ಟೆಯಡಿ ಹಾಕಿಕೊಂಡು ಬೋರಲು ಬಿದ್ದ. ನಾಯಿಗಳೊಂದಿಗೆ ಕುರಿಗಾರರು ಕೂಗುತ್ತ ಬಂದಾಗ, ಇವನು ಸತ್ತನೆಂದು ಬಿಟ್ಟು ಹೊಡೆಯುತ್ತಿದ್ದವರು ಓಡಿದರು.

ರಾಯಚೂರಿನ ದವಾಖಾನೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಒಂದರ ದೃಷ್ಟಿಯಂತೂ ಬಾರದು ಎಂದಿದ್ದರು. ದಸ್ತಗೀರ್ ಸಾಬ್ ಕುರಿಗಾರರು ತಂದುಕೊಟ್ಟ ರೀಲು ತೊಳೆದು ತಾನೇ ಫೋಟೋ ತಂದ.

"ದೂರದ್ದು ಬರೇ ಕಪ್ಪು. ಫ್ಲ್ಯಾಶ್ ಅಷ್ಟು ದೂರ ಮುಟ್ಟಂಗಿಲ್ಲ. ಮಬ್ಬಿನ್ಯಾಗ ತೆಗೀತೀನಿ ಅಂತ ಖರೇ ಹೇಳಿದ್ರ ನಾನೂರರದ್ದು ಕೊಡ್ತಿದ್ನೆಲ್ಲೋ ತಮ್ಮಾ, ಕಣ್ಣು ಉಳೀತಿತ್ತು." ಮುದುಕ ಇನ್ನೊಂದು ಫೋಟೋ ತೆಗೆದ. "ಹತ್ತಿರದ್ದೊಂದು ಬಂದದ. ಸಲಿಕಿ ಎತ್ಯಾನ. ಟವೆಲ್ ಜಾರ್ಯದ, ಮಾರಿ ಸ್ವಚ್ಛ ಕಾಣ್ತದ."

"ಯವ್ವಾ, ನೋಡು. ಯಾರಂವ?"

ತಾಯಿ ಬಂಡೆಮ್ಮ ಫೋಟೋ ಹಿಡಿದಳು. ಅವಳು ಬೆಳಕಿಗಾಗಿ ಕಿಟಕಿಯ ಕಡೆ ಸರಿದದ್ದು ಬೀರೇಶನಿಗೆ ಬಳೆಯ ಸದ್ದಿನಿಂದ ತಿಳಿಯಿತು.

"ಅಣ್ಣನ ದಿನಕರ್ಮಕ್ಕ ಬಂದಿದ್ನಲ್ಲೋ ಇವ. ಮೂಲ್ಯಾಗ ಒಬ್ಬನಾ ಕುಂತಿದ್ದ. ಯಾರ ಮಗನೋ, ಹಸದಾನ ಅಂತ ನನ್ನ ಕೈಯಾರೆ ಎರಡ ಸಲ ನೀಡಿದ್ನೆಲ್ಲೋ ಯಪ್ಪಾ!"