ಕಣ್ಣಿನ ಹಡಗು

ಹಜ್‌ಗೆ ಹೋದವರು ಮರಳುವ ಮುಂಚೆ ಅವರ ಮನೆಗೋಡೆಯ ಮೇಲೆ ಹಡಗು, ಮೆಕ್ಕಾದ ಪವಿತ್ರ ಕಾಬಾದ ಚಿತ್ರ ಮೂಡಿರಬೇಕು. ಕೈರೋದ ಈ ನದಿದಂಡೆಯ ಓಣಿಯಲ್ಲಿ ಆ ಕೆಲಸ ನನ್ನಪ್ಪನದಾಗಿತ್ತು. ದಪ್ಪ ಕಪ್ಪು ಗೆರೆ, ಹಡಗಿನ ಮೂತಿಗೊಂದು ದೊಡ್ಡ ಕಣ್ಣು. ಹಡಗು ಮೊದಲೇ; ಕಾಬಾ ಮಾತ್ರ ಯಾತ್ರಿಕರು ಮರಳುವ ದಿನ ಬೆಳಿಗ್ಗೆ, ಕೈಕಾಲು ತೊಳೆದು. ಆ ಗೆರೆಯಿಂದಲೇ ನಾನು ಜಾಹೀರಾತು ಚಿತ್ರಗಾರ್ತಿಯಾದೆ.

ಓಣಿಯನ್ನೇ ಕೊಂಡು ಗೋಪುರ ಕಟ್ಟಲು ಹೊರಟ ಕಂಪನಿಯ ಜಾಹೀರಾತಿಗೆ ನನ್ನ ಕೈ ಬೇಕಾಯಿತು. ಹೊಸ್ತಿಲಲ್ಲಿ ಕಾಲು ಚಾಚಿ ಕೂತ ಹೆಂಗಸರನ್ನು ಬರೆದೊಯ್ದೆ. ಕಂಪನಿ ಕಚೇರಿಯ ತಾಮಿರ್ ನಕ್ಕ.

"ಇವ್ರು ಏಳೋ ಹಾಗೆ ಕಾಣಲ್ವಲ್ಲ ಮೇಡಂ!"

"ಏಳಲ್ಲ ಅಂತಾನೇ ಬರೆದದ್ದು."

"ಗೆರೆ ನಿಮ್ದೇ ಇರ್ಲಿ, ಮಾತು ನಮ್ದಿರ್ಲಿ. ಆ ಕಣ್ಣಿನ ಹಡಗು ಸಾಕು."

ಧಣಿಗಳಿಗೆ ಬೇಕಾದದ್ದು ನಮ್ಮ ಕೈ, ಬಾಯಲ್ಲ. ಗೊತ್ತಿದ್ದೂ ಒಪ್ಪಿದೆ, ಗೆರೆ ಉಳಿದರೆ ನಾನು ಉಳಿದೆನೆಂದುಕೊಂಡೆ. ಕಂಪನಿ ಕೊಂಡ ಮನೆಮನೆಯ ಗೋಡೆಗೂ ಹಡಗು ಬರೆದೆ, ಇಪ್ಪತ್ತಾರು. ಓಣಿ ನನ್ನ ಜೊತೆ ಮಾತು ಬಿಟ್ಟಿತು.

ಮಾರದೆ ಉಳಿದವರು ದೊಡ್ಡಮ್ಮ ಇನ್‌ಶಿರಾಹ್‌ಳ ಮುಖ ನೋಡಿಕೊಂಡಿದ್ದರು, ಅವಳು ಮಾರುವವರೆಗೆ ತಾವೂ ಮಾರುವುದಿಲ್ಲವೆಂದು. ಆ ವರ್ಷ ಅವಳು ಹಜ್‌ಗೆ ಹೋದಳು. ಅವಳ ಗೋಡೆಯಾದರೂ ನನ್ನದಾಗಲಿ ಎಂದು ಹಡಗು ಬರೆದು, ಅದರ ತುಂಬ ಕಾಲು ಚಾಚಿದ ಆ ಹೆಂಗಸರನ್ನೇ ಕೂರಿಸಿದೆ. ಅಪ್ಪನ ಪದ್ಧತಿಯಂತೆ ಕಾಬಾಕ್ಕೆ ಜಾಗ ಬಿಟ್ಟೆ. ಎರಡು ದಿನ ಜನ ನೋಡಿಕೊಂಡು ಹೋದರು. ಒಬ್ಬರೂ ಏನೂ ಕೇಳಲಿಲ್ಲ.

ಮೂರನೆಯ ಬೆಳಿಗ್ಗೆ ಕಾಬಾ ಮುಗಿಸುವಷ್ಟರಲ್ಲಿ ದೊಡ್ಡಮ್ಮನ ಟ್ಯಾಕ್ಸಿ ಬಂತು. ಯಾರೂ ಸಂಭ್ರಮದ ಉಲುಲು ಕೂಗಲಿಲ್ಲ. ಎದುರಿನ ಇಸ್ತ್ರಿ ಅಂಗಡಿಯ ಸಬ್ರಿ ಗೋಡೆಯನ್ನೇ ದಿಟ್ಟಿಸುತ್ತ ದೊಡ್ಡಮ್ಮನ ಬಳಿ ಬಂದ.

"ಹಾಜ್ಜಾ... ಇದು ಹಜ್ ಚಿತ್ರಾನಾ?"

"ಮತ್ತಿನ್ನೇನೋ ಮಂಕೆ?"

"ಕಾಬಾ ಇಲ್ದ ಬರೀ ಹಡಗು ನೋಡಿ ನೀವೂ ಮಾರಿದ್ರಿ ಅಂದ್ಕೊಂಡ್ವಿ." ಅವನು ತಲೆ ತಗ್ಗಿಸಿದ. "ನಿನ್ನೆ ನಾನೂ ರುಜು ಹಾಕ್ಬಿಟ್ಟೆ. ಪಕ್ಕದ ಮೂರು ಮನೆಯವ್ರೂ."

"ಕಾಲು ಚಾಚಿದ ಹೆಂಗಸರು ಕಾಣ್ಲಿಲ್ವಾ ಸಬ್ರಿ?" ಎಂದೆ.

"ಕಂಡ್ರು. ಗೋಪುರದ ಬಾಲ್ಕನೀಲಿ ಕೂತಿದಾರೆ ಅಂದ್ಕೊಂಡೆ."

ದೊಡ್ಡಮ್ಮ ಬೈಯಲಿಲ್ಲ. ಗೋಡೆ ಮುಟ್ಟಿ ಬೆರಳಿಗೆ ಹತ್ತಿದ ಕಪ್ಪನ್ನು ನೋಡಿಕೊಂಡಳು. "ಸುಣ್ಣ ಕಲಸು ಮಗಳೇ."

ಹಜ್ ಮಾಡಿ ಬಂದವಳ ಗೋಡೆಯನ್ನು ನಾನೇ ಬೋಳು ಮಾಡಿದೆ. ಕೈ ಸುಣ್ಣದಲ್ಲಿರುವಾಗಲೇ ತಾಮಿರ್‌ನ ಫೋನ್ ಬಂತು. "ಇನ್ನೂ ನಾಲ್ಕು ಗೋಡೆ ಸಿಕ್ತು ಮೇಡಂ!"

"ಹೋಗು," ಎಂದಳು ದೊಡ್ಡಮ್ಮ, ಪ್ರಯಾಣದ ಚೀಲ ಎತ್ತಿಕೊಳ್ಳುತ್ತ. "ನೀನು ಒಲ್ಲೆ ಅಂದ್ರೆ ನಿನ್ನಪ್ಪನ ಕಣ್ಣನ್ನ ಬೇರೆ ಯಾರೋ ಬರೀತಾರೆ."